ಅಪ್‌ಡೇಟ್: ತಮ್ಮನ ಕಣ್ಣಿನ ಟೆಸ್ಟ್ ಆಯ್ತು

ವಿಗಾಬಟ್ರಿನ್ ತಗೊಳ್ಳುವ ತಮ್ಮನಿಗೆ ಬದಿಯಿಂದ ಬರುವ ಬೈಕ್ ಕಾಣುದಿಲ್ಲ, ಫಿಟ್ಸ್ ಮಾತ್ರೆಯಿಂದಲಾ ಅಂತ ಕೇಳಿದ್ದೆನಲ್ಲ, ಹೌದಂತೆ. ಬದಿಯಡ್ಕದಿಂದ ಮಂಗಳೂರಿಗೆ ಕರ್ಕೊಂಡು ಹೋಗಿ ಫೀಲ್ಡ್ ಟೆಸ್ಟ್ ಮಾಡಿಸಿದೆವು, ಒಂದು ಕಣ್ಣು ಮುಚ್ಚಿ ನಡುವಿನ ಚುಕ್ಕೆ ನೋಡ್ತಾ ಬದಿಯಲ್ಲಿ ಬೆಳಕು ಕಂಡಾಗೆಲ್ಲ ಬಟನ್ ಒತ್ತುವುದು, ಎರಡೂ ಕಣ್ಣಲ್ಲಿ ಸುತ್ತಲಿನ ನೋಟ ಕುಗ್ಗಿದೆ. ನಡುವಿನದ್ದು ಸರಿ ಉಂಟು, ಪೇಪರ್ ಸಲೀಸಾಗಿ ಓದ್ತಾನೆ, ಹಾಗಾಗಿಯೇ ಅಕ್ಷರ ಓದಿಸುವ ಟೆಸ್ಟಲ್ಲಿ ಗೊತ್ತಾಗಿರ್ಲಿಲ್ಲ. ರೆಟಿನಾಕ್ಕೆ ಆದ ಪೆಟ್ಟು, ಹೋದದ್ದು ವಾಪಸ್ ಬರುದಿಲ್ಲ ಅಂದ್ರು, ಅಮ್ಮ ತುಂಬಾ ಅತ್ತರು. ದೊಡ್ಡವರಲ್ಲಿ ಸುಮಾರು 3ರಲ್ಲಿ ಒಬ್ಬರಿಗೆ ಹೀಗಾಗ್ತದಂತೆ, ಹಾಗಿರುವಾಗ ಶುರುವಿಗೇ ಈ ಟೆಸ್ಟ್ ಮಾಡಿಸಿ ಅಂತ ನಮಗೆ ಯಾರೂ ಹೇಳ್ಲಿಲ್ಲ, ಅದೇ ಸಂಕಟ. ಈಗ ನ್ಯೂರೋ ಡಾಕ್ಟ್ರು ಡೋಸ್ ನಿಧಾನಕ್ಕೆ ಇಳಿಸಿ ಬೇರೆ ಮಾತ್ರೆ ಸೇರಿಸ್ತಿದ್ದಾರೆ. ಇದನ್ನೇ ತಗೊಳ್ಳುವವರು ದಯವಿಟ್ಟು ಹೆದರಿ ಒಮ್ಮೆಗೇ ಬಿಡ್ಬೇಡಿ, ಫಿಟ್ಸ್ ಜೋರಾಗಬಹುದು, ಮೊದ್ಲು ಡಾಕ್ಟ್ರ ಹತ್ರ ಫೀಲ್ಡ್ ಟೆಸ್ಟ್ ಕೇಳಿ.