ಸಹಾಯ ಬೇಕು: ಜಮ್ಮಾ ಬಾಣೆಯಲ್ಲಿ ಮನೆ ಕಟ್ಟಲು ಪರವಾನಗಿ

ಎಲ್ಲರಿಗೂ ನಮಸ್ಕಾರ. ಮಡಿಕೇರಿ ತಾಲೂಕಿನ ನಮ್ಮ ಜಮ್ಮಾ ಬಾಣೆಯಲ್ಲಿ (ಕೊಡಗಿನಲ್ಲಿ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಗುಡ್ಡದ ಜಾಗ) ಅಪ್ಪ-ಅಮ್ಮನಿಗೆ ಚಿಕ್ಕ ಮನೆ ಕಟ್ಟಬೇಕು. ಹಳೇ ಮನೆಯ ಗೋಡೆ 2018ರ ಮಳೆಯಲ್ಲೇ ಬಿರುಕು ಬಿಟ್ಟಿದೆ, ಇನ್ನೊಂದು ಮಳೆಗಾಲ ಅವರನ್ನು ಅಲ್ಲಿ ಬಿಡಲು ಮನಸ್ಸು ಒಪ್ಪುತ್ತಿಲ್ಲ. ಪಹಣಿ ಪಟ್ಟೆದಾರರಾದ (ಕುಟುಂಬದ ಪರವಾಗಿ ದಾಖಲೆಯಲ್ಲಿ ಹೆಸರಿರುವ ಹಿರಿಯ) ದೊಡ್ಡಪ್ಪನ ಹೆಸರಲ್ಲಿದೆ; ಕುಟುಂಬದವರೆಲ್ಲರ ಒಪ್ಪಿಗೆ ಪತ್ರ ಇದೆ. ಪಂಚಾಯಿತಿಯಲ್ಲಿ ಭೂ ಪರಿವರ್ತನೆ (ಕೃಷಿ ಜಾಗವನ್ನು ಕೃಷಿಯೇತರ ಬಳಕೆಗೆ ಬದಲಿಸುವುದು) ಮಾಡಿಸಿ, ನಮೂನೆ 9, 11ಎ ಎಂಬ ಆಸ್ತಿ ದಾಖಲೆ ತನ್ನಿ ಎನ್ನುತ್ತಾರೆ. ಆದರೆ ಭೂ ಕಂದಾಯ ಕಾಯ್ದೆಯ 95ನೇ ಕಲಂನಲ್ಲಿ ಕೃಷಿಕರು ಪರಿವರ್ತನೆ ಇಲ್ಲದೆಯೇ ತೋಟದ ಮನೆ ಕಟ್ಟಿಕೊಳ್ಳಲು ಅವಕಾಶ ಇದೆಯಲ್ಲ? ಜಮ್ಮಾ ಜಾಗದಲ್ಲಿ ಹಾಗೆ ಪರವಾನಗಿ ಪಡೆದವರು ಇದ್ದೀರಾ? ಯಾವ ದಾಖಲೆ ಕೊಟ್ಟಿರಿ?

ಜಾಗ ಇಳಿಜಾರು. ಜೆಸಿಬಿ ತಂದು ಬರೆ (ಗುಡ್ಡದ ಬದಿ) ಕಡಿಸುವುದು ಸುತರಾಂ ಬೇಡ, ಇದ್ದ ಮಟ್ಟದಲ್ಲೇ ಪಿಲ್ಲರ್ ಎಬ್ಬಿಸಿ ಕಟ್ಟುವ ಆಸೆ. ಅಂಥ ನಕ್ಷೆ ಮಾಡಿಕೊಡುವ ಇಂಜಿನಿಯರ್ ಗೊತ್ತಿದ್ದರೆ ದಯವಿಟ್ಟು ತಿಳಿಸಿ.