ರೆಕ್ಕೆಯ ‘ಬಾಗು’: ಡೈಹೆಡ್ರಲ್, ವಾಶ್‌ಔಟ್, ವಾರ್ಪ್ ಮೂರಕ್ಕೂ ಒಂದೇ ಪದವೇ?

ಪ್ರಶ್ನೆ, ಧಾರವಾಡದಿಂದ:

ನಮಸ್ಕಾರ. ಹಳೆಯ ರೇಡಿಯೋ ಕಂಟ್ರೋಲ್ ಟ್ರೇನರ್ (ಹಾರಿಸಲು ಕಲಿಯುವವರ) ಮಾದರಿ ವಿಮಾನಗಳನ್ನು ದುರಸ್ತಿ ಮಾಡಿ ಹಾರಿಸುವ ಬಗ್ಗೆ ಹುಬ್ಬಳ್ಳಿ-ಧಾರವಾಡದ ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಸಿದ್ಧವಾಗುತ್ತಿದೆ. ಬಾಲ್ಸಾ ಕಟ್ಟಿಗೆಯ ಮೈ, ಮೇಲ್ಗಡೆ ರೆಕ್ಕೆ, 40 ಸೈಜಿನ (6.5 ಸಿಸಿ) ಗ್ಲೋ ಎಂಜಿನ್. ಕರಡಿನಲ್ಲಿ ಡೈಹೆಡ್ರಲ್ (ರೆಕ್ಕೆಯ ಎರಡೂ ಬದಿ ನಡುವಿನಿಂದ ತುದಿಯತ್ತ ಮೇಲೇರಿರುವುದು), ವಾಶ್‌ಔಟ್ (ತುದಿಗೆ ಬೇಕೆಂದೇ ಕೊಟ್ಟ ತಿರುಚು), ವಾರ್ಪ್ (ರೆಕ್ಕೆ ತಾನಾಗಿ ಸೊಟ್ಟಗಾಗುವುದು) ಮೂರಕ್ಕೂ ‘ಬಾಗು’ ಎಂದೇ ಬಂದಿದೆ. ‘ಮೊದಲು ರೆಕ್ಕೆಯ ಬಾಗು ತೆಗೆಯಿರಿ’ ಎಂಬ ಸಾಲು ಓದಿ ಯಾರಾದರೂ ಡೈಹೆಡ್ರಲ್ಲನ್ನೇ ಚಪ್ಪಟೆ ಮಾಡಿಬಿಟ್ಟರೆ ಕಷ್ಟ. ಸ್ಪಾರ್ (ರೆಕ್ಕೆಯ ಉದ್ದಕ್ಕೂ ಹೋಗುವ ಆಧಾರದ ಕಟ್ಟಿಗೆ), ರಿಬ್ (ಅದಕ್ಕೆ ಅಡ್ಡವಾಗಿ ಕೂತು ರೆಕ್ಕೆಗೆ ಆಕಾರ ಕೊಡುವ ಪಟ್ಟಿ) ಇವಕ್ಕೂ ಬಡಿಗೇರ ಬಾಯಲ್ಲಿರುವ ಪದ ಬೇಕು. ಕೊನೆಯದು: ಎಂಜಿನ್ ಒಳಗೆ ಎಣ್ಣೆ ಸುಟ್ಟು ಗಟ್ಟಿಯಾದ ಕಂದು ಪದರಕ್ಕೆ ‘ವಾರ್ನಿಶ್’ ಎಂದು ಬರೆದರೆ ಬಾಗಿಲಿಗೆ ಹಚ್ಚುವ ವಾರ್ನಿಶ್ ಎಂದು ತಿಳಿಯುವವರೇ ಹೆಚ್ಚು. ಬೇರೆ ಏನನ್ನಬಹುದು?

ಉತ್ತರ, ಹುಬ್ಬಳ್ಳಿಯಿಂದ:

ಸರ್, ನಿಮ್ಮ ಅನುಮಾನ ಸರಿ ಇದೆ. ಮೂರರಲ್ಲಿ ಎರಡು ಬೇಕೆಂದೇ ಕೊಟ್ಟವು, ಒಂದು ತಾನಾಗಿ ಬಂದದ್ದು. ಪದ ಆರಿಸುವಾಗ ಈ ವ್ಯತ್ಯಾಸ ಉಳಿಯಬೇಕು.

ಡೈಹೆಡ್ರಲ್‌ಗೆ ‘ಏರು’ ಸಾಕು. ‘ದ್ವಿತಲ ಕೋನ’ ಎಂದು ಕಟ್ಟಿದರೆ ವರ್ಕ್‌ಶಾಪಿನಲ್ಲಿ ಯಾರೂ ಅನ್ನುವುದಿಲ್ಲ. ಏಲ್ರಾನ್ (ವಿಮಾನ ವಾಲಿಸಲು ರೆಕ್ಕೆಯ ಹಿಂದಿನ ಅಂಚಿನಲ್ಲಿರುವ ಅಲುಗುವ ಫಲಕ) ಇಲ್ಲದ ಮೂರು ಚಾನೆಲ್ಲಿನ ವಿಮಾನ ತಿರುಗುವುದೇ ಏರಿನಿಂದ. ಬಾಲದ ನಿಂತ ಫಲಕ ರಡ್ಡರ್ ಮೂತಿಯನ್ನು ಪಕ್ಕಕ್ಕೆ ಸರಿಸಿದಾಗ ಮುಂದೆ ಬಂದ ರೆಕ್ಕೆಗೆ ಎತ್ತುವ ಬಲ ಹೆಚ್ಚಿ ಮೈ ವಾಲುತ್ತದೆ. ಏರು ಹೋದರೆ ಮೂತಿ ಮಾತ್ರ ಹೊರಳುತ್ತದೆ, ವಿಮಾನ ತಿರುಗುವುದಿಲ್ಲ. ಅಳೆಯುವ ಕ್ರಮವನ್ನೂ ಪದದ ಜೊತೆಗೇ ಕೊಡಿ: ಒಂದು ಬದಿಯನ್ನು ಹಲಗೆಗೆ ಒತ್ತಿ ಇಟ್ಟು ಇನ್ನೊಂದು ತುದಿಯ ಎತ್ತರ ನೋಡುವುದು. 1.5 ಮೀಟರ್ ರೆಕ್ಕೆಗೆ ಬದಿಗೆ 5 ಡಿಗ್ರಿ ಏರಿದ್ದರೆ ಆ ತುದಿ ಸುಮಾರು 13 ಸೆಂ.ಮೀ. ಮೇಲಿರುತ್ತದೆ.

ವಾಶ್‌ಔಟ್ ಬಾಗು ಅಲ್ಲವೇ ಅಲ್ಲ, ಅದು ನುಲಿ. ಹಗ್ಗ ಹೊಸೆಯುತ್ತಿದ್ದ ಶರಣ ನುಲಿಯ ಚಂದಯ್ಯನ ಹೆಸರಿನಲ್ಲಿರುವ ನುಲಿಯೇ. ತುದಿಯಲ್ಲಿ ರೆಕ್ಕೆಯ ಹಿಂದಿನ ಅಂಚು ತುಸು ಮೇಲೆದ್ದಿರುತ್ತದೆ. ವೇಗ ತಗ್ಗಿದಾಗ ರೆಕ್ಕೆಯ ತುದಿ ಎಲ್ಲಕ್ಕಿಂತ ಕೊನೆಯಲ್ಲಿ ಸ್ಟಾಲ್ ಆಗಲಿ (ಎತ್ತುವ ಬಲ ಕಳೆದುಕೊಳ್ಳಲಿ) ಎಂದು. ‘ತುದಿನುಲಿ’ ಅನ್ನಬಹುದು. 25 ಸೆಂ.ಮೀ. ಅಗಲದ ರೆಕ್ಕೆಗೆ 2 ಡಿಗ್ರಿ ಎಂದರೆ ಹಿಂದಿನ ಅಂಚು ಸುಮಾರು 9 ಮಿ.ಮೀ. ಏಳುತ್ತದೆ. ಎಲ್ಲ ಟ್ರೇನರ್‌ಗೂ ಇದು ಇರುವುದಿಲ್ಲ, ನಕ್ಷೆ ನೋಡಬೇಕು. ಇದ್ದರೆ ಎರಡೂ ಬದಿ ಸಮ ಇರಬೇಕು.

ವಾರ್ಪ್‌ಗೆ ‘ಸೊಟ್ಟ’. ಒಂದು ಬದಿ ಮಾತ್ರ ನುಲಿದಿದ್ದರೂ ಅದು ಸೊಟ್ಟವೇ. ವಿಮಾನ ಸದಾ ಒಂದೇ ಕಡೆ ವಾಲುತ್ತದೆ, ಇಳಿಯುವಾಗ ಒಂದು ತುದಿ ದಿಢೀರ್ ಬೀಳುತ್ತದೆ. ಧಾರವಾಡದ ಮಳೆಗಾಲದ ಥಂಡಿಯಲ್ಲಿ ಗೋಡೆಗೆ ಓರೆಯಾಗಿ ಇಟ್ಟ ರೆಕ್ಕೆಗೆ ಇದು ತಪ್ಪಿದ್ದಲ್ಲ. ಡೋಪ್ (ಹೊದಿಕೆಯ ಕಾಗದ, ಬಟ್ಟೆಯನ್ನು ಬಿಗಿಯಲು ಬಳಿಯುವ ದ್ರವ) ಬಳಿದ ಹಳೆಯ ರೆಕ್ಕೆಯಾದರೆ ಡೋಪ್ ವರ್ಷಗಟ್ಟಲೆ ಬಿಗಿಯುತ್ತಲೇ ಇದ್ದು ಎಳೆಯುತ್ತದೆ. ಫಿಲ್ಮ್ (ಬಿಸಿಗೆ ಬಿಗಿಯುವ ಪ್ಲಾಸ್ಟಿಕ್ ಹೊದಿಕೆ) ಹೊದಿಸಿದ ರೆಕ್ಕೆಯ ಸೊಟ್ಟ ತೆಗೆಯಲು: ಒಬ್ಬರು ರೆಕ್ಕೆಯನ್ನು ಎದುರು ದಿಕ್ಕಿಗೆ, ಬೇಕಾದ್ದಕ್ಕಿಂತ ತುಸು ಹೆಚ್ಚೇ ನುಲಿಸಿ ಹಿಡಿಯಬೇಕು. ಆಗ ಏಳುವ ಸುಕ್ಕುಗಳನ್ನು ಇನ್ನೊಬ್ಬರು ಹೀಟ್ ಗನ್ನಿನಿಂದ ಬಿಗಿಯಬೇಕು. ಫಿಲ್ಮ್ ಪೂರ್ತಿ ಆರಿದ ಮೇಲೆಯೇ ಕೈ ಬಿಡಬೇಕು. ಅವಸರ ಮಾಡಿದರೆ ಮತ್ತೆ ಮೊದಲಿನಂತೆ. ಮುಂದಿನ ಅಂಚಿಗೆ ಮೇಲೆ ಕೆಳಗೆ ಬಾಲ್ಸಾ ಹಾಳೆ ಹೊದಿಸಿದ ರೆಕ್ಕೆಗೆ ಈ ಉಪಾಯ ಅಷ್ಟಾಗಿ ನಡೆಯದು, ಹಾಳೆಯನ್ನೇ ಸೀಳಿ ಮತ್ತೆ ಅಂಟಿಸಬೇಕಾಗುತ್ತದೆ.

ಸ್ಪಾರ್‌ಗೆ ‘ತೊಲೆ’, ರಿಬ್‌ಗೆ ‘ಜಂತಿ’. ಮಾಳಿಗೆ ಮನೆ ಕಂಡವರಿಗೆ ವಿವರಣೆ ಬೇಡ.

ಉತ್ತರ, ಗದಗದಿಂದ:

ತೊಲೆ ಒಪ್ಪಿದೆ, ಜಂತಿಗೆ ನನ್ನ ತಕರಾರು ಐತ್ರಿ. ಜಂತಿ ತೊಲಿ ಮ್ಯಾಲೆ ಕೂಡತೈತಿ, ರಿಬ್ ತೊಲೆಯನ್ನು ಕಚ್ಚಿ ಹಿಡಿಯುತ್ತದೆ. ‘ಪಕ್ಕೆಲುಬು’ ಉದ್ದವಾದರೂ ಅದೇ ವಾಸಿ. ಆದರೆ ಬಡಿಗೇರ ‘ಕಚ್ಚು’ ಪದವನ್ನು ಬಿಡಬೇಡಿ: ರಿಬ್ಬಿನ ಕಚ್ಚಿನಲ್ಲಿ ತೊಲೆಯ ಅಂಟು ಬಿಟ್ಟಿದ್ದರೆ ಹೀಟ್ ಗನ್ನಿನಿಂದ ಎಷ್ಟು ಬಿಗಿದರೂ ಸೊಟ್ಟ ಮರಳಿ ಬರುತ್ತದೆ. ಮೊದಲು ಕೆಳಗಿನ ಫಿಲ್ಮ್ ಕೊಯ್ದು ಪ್ರತಿ ಕಚ್ಚನ್ನು ಬೆರಳಿನಿಂದ ಅಲುಗಿಸಿ ನೋಡಬೇಕು.

ಎಂಜಿನ್ನಿನ ಪದರಕ್ಕೆ ‘ಔಡಲ ಜಿಗಟು’ ಅನ್ನಿ. ನಮ್ಮ ಕಡೆ ಹರಳೆಣ್ಣೆಗೆ ಔಡಲ ಎಣ್ಣಿ ಅನ್ನೋದು ರೂಢಿ, ಗ್ಲೋ ಇಂಧನದಲ್ಲಿ ಮೆಥನಾಲ್ ಜೊತೆ ಹಲವು ಸಲ ಇರುವುದೂ ಅದೇ. ‘ಜಂಗು’ ಎಂದು ಮಾತ್ರ ಬರೆಯಬೇಡಿ. ಜಂಗು ಬೇರಿಂಗಿಗೆ ಹಿಡಿಯುವುದು, ಮೆಥನಾಲ್ ಗಾಳಿಯ ನೀರು ಹೀರುವುದರಿಂದ. ಜಂಗು ಹಿಡಿದ ಬೇರಿಂಗ್ ಬದಲಿಸಬೇಕು; ಜಿಗಟನ್ನು ಕರಗಿಸಬಹುದು. ಜಿಗಟಿನಿಂದ ಬಿಗಿದ ಎಂಜಿನ್ನನ್ನು ಪಾನಾ ಹಾಕಿ ತಿರುವಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. (ಇಲ್ಲಿ ‘ಬಾಗು’ ಸರಿಯಾದ ಪದ.) ಕಾರ್ಬ್ಯುರೇಟರ್ ಮತ್ತು ರಬ್ಬರ್ ರಿಂಗ್ ಬಿಚ್ಚಿ, ಮೈಯನ್ನು ಹೀಟ್ ಗನ್ನಿನಿಂದ ಬಿಸಿ ಮಾಡಿದರೆ ಜಿಗಟು ಮೆದುವಾಗುತ್ತದೆ. ಆಮೇಲೆ ಹಗುರ ಎಣ್ಣೆ ಬಿಟ್ಟು ಪ್ರೊಪೆಲ್ಲರ್ ಹಿಡಿದು ಹಿಂದೆ ಮುಂದೆ ಅಲುಗಿಸಬೇಕು. ಮೆಥನಾಲಿನಲ್ಲಿ ತೊಳೆಯುವುದಾದರೆ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಹೀಟ್ ಗನ್ ದೂರವಿಟ್ಟು, ಕೈಗವಸು ಹಾಕಿ, ಗಾಳಿಯಾಡುವ ಕಡೆ. ಮೆಥನಾಲಿನ ಉರಿ ಹಗಲಿನಲ್ಲಿ ಕಣ್ಣಿಗೆ ಕಾಣುವುದಿಲ್ಲ ಎಂಬುದನ್ನು ಕೈಪಿಡಿಯಲ್ಲಿ ದಪ್ಪ ಅಕ್ಷರದಲ್ಲಿ ಹಾಕಿಸಿರಿ.