ಸ್ಕೀ ಅಂಚನ್ನು ಮನೆಯಲ್ಲಿ ಎಷ್ಟು ಹರಿತ ಮಾಡಬೇಕು, ಎಲ್ಲಿ ಮೊಂಡು ಮಾಡಬೇಕು?

ಪ್ರಶ್ನೆ (ಧಾರವಾಡ)

ಎಲ್ಲರಿಗೂ ನಮಸ್ಕಾರ. ಫೆಬ್ರುವರಿಯಲ್ಲಿ ಗುಲ್ಮಾರ್ಗ್‌ಗೆ ಹೊರಟಿದ್ದೇನೆ. ಈ ಸಲ ಬಾಡಿಗೆಯದು ಬೇಡವೆಂದು ಗೆಳೆಯರೊಬ್ಬರ ಹಳೆಯ ಸ್ಕೀ ಜೋಡಿಯನ್ನು ಕೊಂಡಿದ್ದೇನೆ. ಮಳೆಗಾಲವಿಡೀ ಅಟ್ಟದ ಮೇಲಿದ್ದುದರಿಂದ ಉಕ್ಕಿನ ಅಂಚುಗಳಿಗೆ ತುಕ್ಕು ಹಿಡಿದಿದೆ, ಒಂದೆರಡು ಕಡೆ ಕಲ್ಲಿಗೆ ತಾಗಿ ಕಚ್ಚು ಬಿದ್ದಿದೆ. ನಮ್ಮ ಓಣಿಗೆ ಬರುವ ಸಾಣೆಯವರ ಚಕ್ರಕ್ಕೆ ಕೊಟ್ಟರೆ ಆದೀತೇ, ಅಥವಾ ಅರ ತಂದು ನಾನೇ ಉಜ್ಜಬೇಕೇ? ಮುಂದಿನ, ಹಿಂದಿನ ತುದಿಗಳನ್ನು ಬೇಕೆಂದೇ ಮೊಂಡು ಮಾಡಬೇಕೆಂದು ಒಬ್ಬರು ಹೇಳಿದರು. ಅದರ ಕಾರಣವನ್ನೂ ತಿಳಿದವರು ಹೇಳಬೇಕು.

ಉತ್ತರ 1 (ಹುಬ್ಬಳ್ಳಿ, ಗೋಕುಲ ರಸ್ತೆ)

ಚಕ್ರಕ್ಕೆ ಖಂಡಿತ ಕೊಡಬೇಡಿ ಸರ್. ಆ ಅಂಚು ಸುಮಾರು 2 ಮಿ.ಮೀ. ಅಗಲದ ಪಟ್ಟಿ, ಚಕ್ರದ ಕಾವಿಗೆ ಉಕ್ಕಿನ ಹದ ಕೆಡುತ್ತದೆ, ಪಕ್ಕದ ಪ್ಲಾಸ್ಟಿಕ್ ತಳವೂ ಕರಗುತ್ತದೆ. ಇನ್ನೊಂದು ಮಾತೆಂದರೆ, ಸಾಣೆಯವರ ಕೈಗೆ ಪಳಗಿದ್ದು ಈಳಿಗೆ, ಕುಡಗೋಲುಗಳ ತೆಳುವಾದ ಬಾಯಿ. ಸ್ಕೀ ಅಂಚು ಹೆಚ್ಚುಕಡಿಮೆ ಲಂಬಕೋನದ್ದು: ಸಾಮಾನ್ಯವಾಗಿ ತಳದ ಕಡೆ 1 ಡಿಗ್ರಿ, ಪಕ್ಕದ ಕಡೆ 2 ಡಿಗ್ರಿ ಓರೆ ಇದ್ದು, 90ಕ್ಕೆ ತಳದ 1 ಕೂಡಿ ಪಕ್ಕದ 2 ಕಳೆದರೆ ಒಟ್ಟು ಕೋನ 89 ಡಿಗ್ರಿ ಆಗುತ್ತದೆ.

ಮೊದಲು ಕಾಲಿನಿಂದ ಕಳಚಿದ ಸ್ಕೀ ಜಾರಿಹೋಗದಂತೆ ತಡೆಯುವ ಬ್ರೇಕಿನ ಕಡ್ಡಿಗಳನ್ನು ರಬ್ಬರ್ ಬ್ಯಾಂಡಿನಿಂದ ಮೇಲಕ್ಕೆ ಕಟ್ಟಿ, ಬಟ್ಟೆ ಸುತ್ತಿದ ವೈಸಿನಲ್ಲಿ ಸ್ಕೀಯನ್ನು ಹಿಡಿಸಿರಿ. ಕಲ್ಲಿಗೆ ತಾಗಿದ ಜಾಗದಲ್ಲಿ ಉಕ್ಕು ಗಡುಸಾಗಿರುತ್ತದೆ. ಅಲ್ಲಿ ನೇರವಾಗಿ ಅರ ಹಾಕಿದರೆ ಅದು ಜಾರುತ್ತದೆ, ಹಲ್ಲೂ ಸವೆಯುತ್ತದೆ. ಆದ್ದರಿಂದ ಒದ್ದೆ ಮಾಡಿದ ಡೈಮಂಡ್ ಕಲ್ಲಿನಿಂದ ಆ ಗಡುಸು ಪದರವನ್ನು ತೆಗೆದ ಮೇಲೆಯೇ ಅರ ಹಿಡಿಯಬೇಕು. ಬರಿಗೈಯಲ್ಲಿ ಕೋನ ನಿಲ್ಲುವುದಿಲ್ಲ, ಕೋನ ಹಿಡಿಯುವ ಗೈಡ್ ಬೇಕೇ ಬೇಕು. ಪಕ್ಕದ ಅಂಚಿಗೆ ಮಾರ್ಕರ್ ಪೆನ್ನಿನ ಮಸಿ ಬಳಿದು ಒಮ್ಮೆ ಹಗುರವಾಗಿ ಎಳೆದು ನೋಡಿರಿ. ಮಸಿ ಪೂರ್ತಿ ಅಗಲಕ್ಕೆ ಅಳಿಸಿದರೆ ನಿಮ್ಮ ಗೈಡಿನ ಕೋನ ಸರಿ ಇದೆ. ಒಂದೇ ಬದಿಯಲ್ಲಿ ಅಳಿಸಿದರೆ ಕೋನ ಬದಲಿಸಬೇಕು.

ಅರವನ್ನು ಮುಂದಿನ ತುದಿಯಿಂದ ಹಿಂದಕ್ಕೆ, ಭಾರ ಹಾಕದೆ ಎಳೆಯಿರಿ. ತಳದ ಕಡೆಗೆ ಮಾತ್ರ ಅರ ಮುಟ್ಟಿಸಬೇಡಿ. ಅಲ್ಲಿಯ ಓರೆ ಒಮ್ಮೆ ಹೆಚ್ಚಾದರೆ ಯಂತ್ರದಲ್ಲಿ ಇಡೀ ತಳವನ್ನೇ ತೇಯಿಸದ ಹೊರತು ಅದು ಹಿಂದಕ್ಕೆ ಬಾರದು. ಪಕ್ಕವನ್ನು ಉಜ್ಜಿದಾಗ ತಳದತ್ತ ಮಡಚಿಕೊಳ್ಳುವ ಬರ್, ಅಂದರೆ ಉಕ್ಕಿನ ತೆಳುವಾದ ಒರಟು ಎಳೆ, ಬೆರಳಿಗೆ ಹತ್ತುತ್ತದೆ. ಅದನ್ನು 400 ಗ್ರಿಟ್ಟಿನ ಕಲ್ಲಿನಿಂದ ನಯವಾಗಿ ತೆಗೆಯಿರಿ. ಬಹಳ ಸಲ ಅಂಚು ಮೊಂಡಾಗಿದೆ ಎಂದು ನಾವು ತಿಳಿಯುವುದು ಈ ಬರ್‌ನ ಕಾಟವನ್ನೇ, ಹಾಗಾಗಿ ಅರಕ್ಕಿಂತ ಕಲ್ಲಿಗೇ ಕೆಲಸ ಹೆಚ್ಚು. ಉಗುರಿನ ಬೆನ್ನನ್ನು ಅಂಚಿಗೆ ಅಡ್ಡವಾಗಿ ಎಳೆದಾಗ ಬಿಳಿಯ ಪುಡಿ ಬಂದರೆ ಹರಿತ ಸಾಕು.

ಉತ್ತರ 2 (ಗದಗ)

ಮೊಂಡು ಮಾಡುವ ವಿಷಯಕ್ಕೆ ಬರುತ್ತೇನೆ. ಸಪಾಟಾದ ಹಿಮದ ಮೇಲೆ ಸ್ಕೀಯ ಅಂಚು ನೆಲ ಮುಟ್ಟುವುದು ಮುಂದಿನ ಮತ್ತು ಹಿಂದಿನ ಎರಡು ಸಂಪರ್ಕ ಬಿಂದುಗಳ ನಡುವೆ. ಅದರಾಚೆ ಮೇಲಕ್ಕೆ ಬಾಗಿದ ಭಾಗ ಹರಿತವಾಗಿದ್ದರೆ, ತಿರುವು ಬಿಡುವಾಗ ಅದು ಅನಿರೀಕ್ಷಿತವಾಗಿ ಹಿಮವನ್ನು ಕಚ್ಚಿ ಕಾಲನ್ನು ಎಳೆಯುತ್ತದೆ. ಹೊಸಬರು ಬೀಳುವುದಕ್ಕೆ ಅಷ್ಟೇ ಸಾಕು. ಅದಕ್ಕಾಗಿ ಬಾಗಿದ ಭಾಗಕ್ಕೆ ಮಾತ್ರ, ರಬ್ಬರಿನಂತೆ ಮೆತ್ತಗಿರುವ ಗಮ್ಮಿ ಕಲ್ಲನ್ನು 45 ಡಿಗ್ರಿ ಓರೆಯಾಗಿ ಹಿಡಿದು ಎರಡು ಮೂರು ಸಲ ಸವರಿದರೆ ಆಯಿತು.

ತುದಿಯಿಂದ ಒಂದು ಗೇಣಿಗೂ ಹೆಚ್ಚು ಮೊಂಡು ಮಾಡಿರೆಂಬ ಸಲಹೆ ಉದ್ದನೆಯ, ನೇರ ಸ್ಕೀಗಳ ಕಾಲದ್ದು. ಈಗಿನ ನಡುಸಣ್ಣ ಸ್ಕೀಗಳು ತಿರುವನ್ನು ಆರಂಭಿಸುವುದೇ ಮುಂಭಾಗದ ಅಂಚಿನಿಂದ. ಅದನ್ನು ತೇದುಬಿಟ್ಟರೆ ಅವು ಹೇಳಿದ ಮಾತು ಕೇಳುವುದಿಲ್ಲ. ಗಮ್ಮಿ ಕಲ್ಲನ್ನು ಜೇಬಿನಲ್ಲೇ ಇಟ್ಟುಕೊಂಡು ಹೋಗಿ, ಅಲ್ಲಿ ಸ್ಕೀ ಕಚ್ಚುತ್ತಿದೆ ಎನಿಸಿದರೆ ಮಾತ್ರ ಇನ್ನೊಂದಿಷ್ಟು ಸವರಿರಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ತುಕ್ಕು ಮೇಲ್ಪದರದ್ದಷ್ಟೇ ಇದ್ದಂತೆ ಕಾಣುತ್ತದೆ. ಗುಲ್ಮಾರ್ಗ್‌ನಂಥ ಕಡೆ ಇಷ್ಟೊಂದು ಹರಿತ ಬೇಕೇ?

ಉತ್ತರ 3 (ಹುಬ್ಬಳ್ಳಿ, ವಿದ್ಯಾನಗರ)

ಮೇಲ್ಪದರದ ತುಕ್ಕು ಗಮ್ಮಿ ಕಲ್ಲಿಗೇ ಹೋಗುತ್ತದೆ. ತಂತಿಯ ಮೇಲೆ ಸಾಗುವ ಗೊಂಡೋಲಾದಲ್ಲಿ ಅಲ್ಲಿಯ ಬೆಟ್ಟ ಅಫರ್ವಟ್‌ನ ಎತ್ತರಕ್ಕೆ ಹೋಗಿ ಆಳವಾದ ಹೊಸ ಹಿಮದಲ್ಲಿ ಇಳಿಯುವವರಿಗೆ ಅಂಚಿನ ಕೆಲಸ ಕಡಿಮೆ, ಆದರೆ ಹಿಮದಡಿಯ ಬಂಡೆಗಳಿಂದ ಕಚ್ಚು ಬೀಳುವುದು ಹೆಚ್ಚು. ಕೆಳಗಿನ ಕಲಿಕೆಯ ಇಳಿಜಾರಿನಲ್ಲಿ ರಾತ್ರಿ ಹೆಪ್ಪುಗಟ್ಟಿದ ಹಿಮ ಬೆಳಿಗ್ಗೆ ಗಟ್ಟಿಯಾಗಿಯೇ ಇದ್ದಾಗ ಹರಿತದ ಬೆಲೆ ಗೊತ್ತಾಗುತ್ತದೆ. ಉತ್ತರಾಖಂಡದ ಔಲಿಯ ಹದಗೊಳಿಸಿದ ಇಳಿಜಾರಿಗೂ ಇದೇ ಮಾತು.

ಅರ ಮತ್ತು ಕಲ್ಲುಗಳನ್ನು ವಿಮಾನದಲ್ಲಿ ಕೈಚೀಲಕ್ಕೆ ಹಾಕದೆ ಚೆಕ್-ಇನ್ ಸಾಮಾನಿನಲ್ಲಿಡಿ. ಹಿಂದಿರುಗಿದ ಮೇಲೆ ಅಂಚನ್ನು ಒಣಬಟ್ಟೆಯಿಂದ ಒರೆಸಿ, ಅಂಚೂ ಮುಚ್ಚುವಂತೆ ತಳಕ್ಕೆ ದಪ್ಪನಾಗಿ ವ್ಯಾಕ್ಸ್ ಬಳಿದು, ಅದನ್ನು ಕೆರೆಯದೆ ಹಾಗೆಯೇ ಬಿಡಿ. ಧಾರವಾಡದ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವಕ್ಕೆ ಅಷ್ಟು ರಕ್ಷಣೆ ಬೇಕು.